ಏಜೆನ್ಸಿಯ ಬಿಲ್ಲನ್ನು ಬಿಡಿಸಿ ನೋಡಿ

'ಸಾಹೇಬ್ರ, ನೀವು ತಲಿ ಕೆಡಿಸ್ಕೋಬ್ಯಾಡ್ರಿ. ಹುಡುಗುರು ನಮ್ಮವ್ರು. ಪಿಎಫ್, ಇಎಸ್‌ಐ ಎಲ್ಲಾ ನಮ್ಮ ಮ್ಯಾಲ. ಹುಡುಗುರಿಗಿ ಹದಿನೈದು ಸಾವಿರ ಪಗಾರ ಕೊಡ್ತೀವಿ. ನೀವು ಜಿಎಸ್‌ಟಿ ಹಿಡ್ದು ತಲಿಗಿ ಹದಿನಾರು ಸಾವಿರ ಕೊಡ್ರಿ ಸಾಕು. ಸರ್ವಿಸ್ ಚಾರ್ಜ್ ಸೊನ್ನೆ.'

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕ ನಡೆಸುವವರಿಗೆ, ಬಸವಕಲ್ಯಾಣದಲ್ಲಿ ಆಸ್ಪತ್ರೆ, ಶಾಲೆ, ಗೋದಾಮು ಇಟ್ಟುಕೊಂಡವರಿಗೆ ಇಂಥ ಮಾತು ಹೊಸದಲ್ಲ. ಆಳು ಸಿಗದೆ ಕಂಗೆಟ್ಟ ಮಾಲಕನಿಗೆ ಇದು ಹಿತವಾಗಿ ಕೇಳಿಸುತ್ತದೆ. ಆದರೆ ಇದರಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದು, ಆ ದರಕ್ಕೆ ಕಾನೂನಿನ ಪ್ರಕಾರ ಆಳು ಕೊಡಲು ಯಾರಿಂದಲೂ ಆಗದು. ಎರಡನೆಯದು, ಎಲ್ಲವೂ ತನ್ನ ಮೇಲೆ ಎಂದು ಏಜೆನ್ಸಿ ಎಷ್ಟು ಸಲ ಹೇಳಿದರೂ ಕಾನೂನು ಮಾಲಕನನ್ನು ಬಿಡುವುದಿಲ್ಲ. ಈ ಎರಡನ್ನೂ ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಏಜೆನ್ಸಿಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಒಪ್ಪಿಸುವ ಏಜೆನ್ಸಿ ಬೇಕು, ಲೆಕ್ಕ ಕೇಳುವ ಮಾಲಕನೂ ಬೇಕು.

ಒಂದು ತಲೆಯ ಲೆಕ್ಕ

ಪಗಾರ 15,000 ರೂಪಾಯಿ, ಅಷ್ಟೂ ಮೂಲ ವೇತನ ಮತ್ತು ತುಟ್ಟಿಭತ್ಯೆ ಎಂದು ಇಟ್ಟುಕೊಳ್ಳೋಣ. ಇದರ ಮೇಲೆ ಭವಿಷ್ಯನಿಧಿಗೆ ಮಾಲಕರ ಪಾಲು ಶೇ 12. ವಿಮೆ ಮತ್ತು ಆಡಳಿತ ಶುಲ್ಕ ಸೇರಿದರೆ ಶೇ 13, ಅಂದರೆ 1,950 ರೂಪಾಯಿ. ಇಎಸ್‌ಐಗೆ ಮಾಲಕರ ಪಾಲು ಶೇ 3.25, ಅಂದರೆ 488 ರೂಪಾಯಿ. ಕನಿಷ್ಠ ಬೋನಸ್ ಶೇ 8.33ರಂತೆ ತಿಂಗಳಿಗೆ 1,250 ರೂಪಾಯಿ ತೆಗೆದಿಡಬೇಕು. ಇಷ್ಟಕ್ಕೇ 18,688 ರೂಪಾಯಿ ಆಯಿತು. ರಜೆಯ ಪಗಾರ, ಗ್ರಾಚ್ಯುಟಿ ಇನ್ನೂ ಸೇರಿಲ್ಲ. ಏಜೆನ್ಸಿ ಶೇ 5ರಷ್ಟು ಸರ್ವಿಸ್ ಚಾರ್ಜ್ ಹಾಕಿತು ಎನ್ನಿ, ಅದು 934 ರೂಪಾಯಿ. ಒಟ್ಟು 19,622. ಅದರ ಮೇಲೆ ಶೇ 18 ಜಿಎಸ್‌ಟಿ 3,532. ಕೊನೆಗೆ ಬಿಲ್ ಮೊತ್ತ 23,154 ರೂಪಾಯಿ.

ಈಗ ಕಾರ್ಮಿಕನ ಕಡೆಯಿಂದ ನೋಡಿ. ಅವನ 15,000ದಲ್ಲಿ ಭವಿಷ್ಯನಿಧಿಗೆ 1,800, ಇಎಸ್‌ಐಗೆ 113 ರೂಪಾಯಿ ಮುರಿದು ಕೈಗೆ ಬರುವುದು 13,087 ರೂಪಾಯಿ. ಮಾಲಕ ಕೊಟ್ಟ ಇಪ್ಪತ್ಮೂರು ಸಾವಿರಕ್ಕೂ ಹುಡುಗನ ಕೈಗೆ ಬಂದ ಹದಿಮೂರು ಸಾವಿರಕ್ಕೂ ನಡುವಿನ ಹತ್ತು ಸಾವಿರ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜ. ಅದರಲ್ಲಿ ಏಜೆನ್ಸಿಯ ಪಾಲು ಸಾವಿರವೂ ಇಲ್ಲ. ಮೂರೂವರೆ ಸಾವಿರ ಸರ್ಕಾರದ ತೆರಿಗೆ. ಉಳಿದದ್ದು ಅದೇ ಕಾರ್ಮಿಕನ ಭವಿಷ್ಯನಿಧಿ, ಅವನ ಮನೆಯವರ ಆಸ್ಪತ್ರೆ ಖರ್ಚಿನ ಭದ್ರತೆ, ಅವನ ಬೋನಸ್.

ಹದಿನಾರು ಸಾವಿರದ ಮಾತಿಗೆ ಈಗ ಹಿಂತಿರುಗಿ ಬನ್ನಿ. ಅದರಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಏಜೆನ್ಸಿಗೆ ಉಳಿಯುವುದು 13,559 ರೂಪಾಯಿ. ಕೊಡುತ್ತೇನೆಂದು ಹೇಳಿದ ಪಗಾರಕ್ಕೇ ಅದು ಸಾಲದು. ಇನ್ನು ಪಿಎಫ್ ಎಲ್ಲಿಂದ ಕಟ್ಟುತ್ತಾನೆ? ಕಟ್ಟುವುದಿಲ್ಲ. ಸರ್ವಿಸ್ ಚಾರ್ಜ್ ಸೊನ್ನೆ ಎಂದವನು ಹೊಟ್ಟೆ ಹೊರೆಯುವ ದಾರಿಗಳು ಆಳು ತೆಗೆದುಕೊಳ್ಳುವ ಎಲ್ಲರಿಗೂ ಗೊತ್ತಿರಬೇಕು. ಪಿಎಫ್ ಹಣ ಮುರಿದುಕೊಂಡು ಕಟ್ಟದಿರುವುದು. ಹಾಜರಿಯಲ್ಲಿ ಇಲ್ಲದವರ ಹೆಸರು ಸೇರಿಸುವುದು. ದುಪ್ಪಟ್ಟು ಕೊಡಬೇಕಾದ ಓವರ್‌ಟೈಮಿಗೆ ಒಂದೇ ಪಟ್ಟು ಕೊಡುವುದು. ಯೂನಿಫಾರ್ಮ್, ಐಡಿ ಕಾರ್ಡ್ ಹೆಸರಿನಲ್ಲಿ ಕಡಿತ ಮಾಡುವುದು. ಕೆಲಸಕ್ಕೆ ಹಚ್ಚುವಾಗಲೇ ಹುಡುಗರ ಕಡೆಯಿಂದ ಒಂದು ತಿಂಗಳ ಪಗಾರ ವಸೂಲಿ ಮಾಡುವುದು. ಎಲ್ಲಕ್ಕಿಂತ ಕೆಟ್ಟದ್ದು, ಕಾರ್ಮಿಕನ ಎಟಿಎಂ ಕಾರ್ಡನ್ನು ತಾನೇ ಇಟ್ಟುಕೊಂಡು, ಬ್ಯಾಂಕಿನಲ್ಲಿ ಪೂರ್ತಿ ಪಗಾರ ಜಮಾ ಆದಂತೆ ತೋರಿಸಿ ಅರ್ಧ ವಾಪಸು ತೆಗೆದುಕೊಳ್ಳುವುದು.

ಹೀಗಾಗಿ ಏಜೆನ್ಸಿಯ ಜೊತೆ ಚೌಕಾಸಿ ಮಾಡುವ ಜಾಗ ಒಂದೇ, ಸರ್ವಿಸ್ ಚಾರ್ಜ್. ಪಗಾರ, ಪಿಎಫ್, ಇಎಸ್‌ಐ, ಬೋನಸ್ ಇವುಗಳಲ್ಲಿ ಚೌಕಾಸಿಗೆ ಎಡೆಯಿಲ್ಲ. ಸರ್ವಿಸ್ ಚಾರ್ಜನ್ನೂ ಸೊನ್ನೆಗೆ ಇಳಿಸಬಾರದು. ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್‌ನಲ್ಲಿಯೂ ಸೊನ್ನೆ ದರದ ಟೆಂಡರುಗಳ ಹಾವಳಿ ಹೆಚ್ಚಾಗಿ, ಮಾನವ ಸಂಪನ್ಮೂಲ ಪೂರೈಕೆಗೆ ಶೇ 3.85ರ ಕನಿಷ್ಠ ಸೇವಾ ಶುಲ್ಕ ನಿಗದಿ ಮಾಡಬೇಕಾಯಿತು. ಸರ್ಕಾರಕ್ಕೇ ಅರ್ಥವಾದ ಈ ಲೆಕ್ಕ ಖಾಸಗಿ ಮಾಲಕರಿಗೂ ಅರ್ಥವಾಗಬೇಕು.

ಜಿಎಸ್‌ಟಿ ಬಗ್ಗೆ ಇನ್ನೊಂದು ಮಾತು. ಜಿಎಸ್‌ಟಿ ನೋಂದಣಿ ಇರುವ ಕಾರ್ಖಾನೆಗೆ ಈ ಶೇ 18 ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಬರುತ್ತದೆ. ಏಜೆನ್ಸಿ ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೆ ನುಂಗಿದರೆ ಕ್ರೆಡಿಟ್ಟಿಗೂ ಸಂಚಕಾರ. ಆಸ್ಪತ್ರೆಗಳಿಗೆ ಈ ಕ್ರೆಡಿಟ್ ಸಿಗದ ಕಾರಣ ಜಿಎಸ್‌ಟಿ ಪೂರ್ತಿ ಅವರ ಖರ್ಚೇ. ವರ್ಷಗಟ್ಟಲೆ ಬೇಕಾಗುವ ಆಯಾ, ಜವಾನ, ವಾಚ್‌ಮನ್‌ಗಳನ್ನು ಏಜೆನ್ಸಿ ಮೂಲಕ ತೆಗೆದುಕೊಳ್ಳುವ ಬದಲು ನೇರವಾಗಿ ನೇಮಿಸಿಕೊಂಡರೆ ಅಂಥ ಸಂಸ್ಥೆಗೆ ತಲೆಗೆ ತಿಂಗಳಿಗೆ ನಾಲ್ಕು ಸಾವಿರದಷ್ಟು ಉಳಿಯುತ್ತದೆ. ಅದರಲ್ಲಿ ಅರ್ಧವನ್ನು ಅವರ ಪಗಾರಕ್ಕೆ ಸೇರಿಸಿದರೂ ಇಬ್ಬರಿಗೂ ಲಾಭ.

ಹೊಣೆ ಯಾರ ಮೇಲೆ?

ಈ ಭಾಗಕ್ಕೆ ನಡುವಿನವನು ಹೊಸಬನಲ್ಲ. ಗಡಿಯಾಚೆಯ ಮರಾಠವಾಡದಲ್ಲಿ ಕಬ್ಬು ಕಡಿಯುವ ಟೋಳಿಗಳನ್ನು ಮುಕಾದಮ ಮುಂಗಡ ಕೊಟ್ಟು ಹಿಡಿಯುತ್ತಾನೆ. ಹಂಗಾಮು ಮುಗಿದರೂ ಮುಂಗಡ ತೀರದೆ, ಮುಂದಿನ ಹಂಗಾಮಿಗೂ ಅದೇ ಮುಕಾದಮನ ಹಿಂದೆ ಹೋಗಬೇಕಾದ ಕುಟುಂಬಗಳಿವೆ. ಕಾರ್ಖಾನೆಯವರನ್ನು ಕೇಳಿದರೆ 'ನಮಗೂ ಅವರಿಗೂ ಸಂಬಂಧವಿಲ್ಲ, ಮುಕಾದಮನನ್ನು ಕೇಳಿ' ಎನ್ನುವ ಉತ್ತರ. ಲೆಟರ್‌ಹೆಡ್, ಜಿಎಸ್‌ಟಿ ನಂಬರು ಇರುವ ಇಂದಿನ ಏಜೆನ್ಸಿಯ ವಿಷಯದಲ್ಲೂ ಅನೇಕ ಮಾಲಕರು ಇದೇ ಉತ್ತರ ಕೊಡುತ್ತಾರೆ. ಕಾನೂನಿನಲ್ಲಿ ಈ ಉತ್ತರಕ್ಕೆ ಬೆಲೆಯಿಲ್ಲ.

1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಸ್ಪಷ್ಟವಾಗಿತ್ತು: ಗುತ್ತೇದಾರ ಪಗಾರ ಕೊಡದಿದ್ದರೆ ಪ್ರಧಾನ ಮಾಲಕ, ಅಂದರೆ ಆಳು ತೆಗೆದುಕೊಂಡವನು, ಕೊಡಬೇಕು, ಆಮೇಲೆ ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯ 55ನೇ ಕಲಂನಲ್ಲೂ ಅದೇ ಹೊಣೆ ಉಳಿದಿದೆ. ಹಳೆಯ ಕಾಯ್ದೆ 20 ಮಂದಿ ಗುತ್ತಿಗೆ ಕಾರ್ಮಿಕರಿರುವ ಕಡೆ ಅನ್ವಯವಾಗುತ್ತಿತ್ತು, ಹೊಸ ಸಂಹಿತೆ ಆ ಸಂಖ್ಯೆಯನ್ನು 50ಕ್ಕೆ ಏರಿಸಿದೆ.

'ನಮ್ಮಲ್ಲಿ ಇರೋದೇ ಹತ್ತು ಮಂದಿ, ಹಾಗಾದರೆ ನಾವು ಪಾರು' ಎಂದುಕೊಳ್ಳುವ ಸಣ್ಣ ಮಾಲಕರು ವೇತನ ಸಂಹಿತೆಯ 43ನೇ ಕಲಂ ಓದಿಕೊಳ್ಳಬೇಕು. ಪಗಾರ ಕೊಡಬೇಕಾದವನು ಕೊಡದಿದ್ದರೆ, ಕಾರ್ಮಿಕ ಯಾವ ಸಂಸ್ಥೆಯಲ್ಲಿ ದುಡಿಯುತ್ತಾನೋ ಆ ಸಂಸ್ಥೆಯ ಒಡೆಯ ಕೊಡಬೇಕು ಎನ್ನುತ್ತದೆ ಅದು. ಭವಿಷ್ಯನಿಧಿ ಮತ್ತು ಇಎಸ್‌ಐಗಳಲ್ಲಿ ಗುತ್ತೇದಾರನ ಆಳುಗಳ ವಂತಿಗೆಯ ಹೊಣೆ ಪ್ರಧಾನ ಮಾಲಕನದೇ ಎಂಬ ನಿಯಮ ದಶಕಗಳಷ್ಟು ಹಳೆಯದು. ಏಜೆನ್ಸಿಯವನು ಬೋರ್ಡು ಇಳಿಸಿ ಊರು ಬಿಟ್ಟ ಮೇಲೆ ಕಲಬುರಗಿಯ ಭವಿಷ್ಯನಿಧಿ ಕಚೇರಿಯಿಂದ ನೋಟಿಸು ಬರುವುದು ಕಾರ್ಖಾನೆಯ ವಿಳಾಸಕ್ಕೆ. ಬಡ್ಡಿ, ದಂಡ ಸೇರಿ ಅದು ಸಣ್ಣ ಘಟಕವನ್ನು ಮುಳುಗಿಸುವಷ್ಟು ಆಗಬಹುದು.

ಗುತ್ತಿಗೆ ಎಂಬುದು ಕಾಗದದ ಮೇಲಿನ ತೋರಿಕೆ ಮಾತ್ರವಾಗಿದ್ದರೆ ನ್ಯಾಯಾಲಯ ಆ ಪರದೆಯನ್ನೇ ಸರಿಸುತ್ತದೆ. 1978ರ ಹುಸೇನ್‌ಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಮಾಡಿದ್ದು ಇದನ್ನೇ. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿ ಕಾಯಂ ಆಗುವುದಿಲ್ಲ ಎಂದಿತು. ಆದರೆ ಗುತ್ತಿಗೆ ಬರೀ ನೆಪವಾಗಿದ್ದರೆ ಅವರು ಮೂಲ ಮಾಲಕನ ನೌಕರರೇ ಎಂದೂ ಹೇಳಿತು. ಏಜೆನ್ಸಿಯ ಹೆಸರಿನಲ್ಲಿ ಆಳು ಇಟ್ಟು, ರಜೆ ಕೊಡುವುದೂ ಶಿಕ್ಷೆ ಕೊಡುವುದೂ ಪಾಳಿ ಹಾಕುವುದೂ ನೀವೇ ಆಗಿದ್ದರೆ ಆ ಏಜೆನ್ಸಿ ಹೆಸರಿಗಷ್ಟೇ ಇದೆ ಎಂದರ್ಥ.

ಹೊಣೆ ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆ ನರಸಾಪುರದಲ್ಲಿ ಆ್ಯಪಲ್ ಕಂಪನಿಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಗಾರದ ತಕರಾರು ಹಿಂಸೆಗೆ ತಿರುಗಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಕೆಲವೇ ಸಮಯದಲ್ಲಿ ಕಾರ್ಮಿಕರ ಸಂಖ್ಯೆ ಐದು ಸಾವಿರದಿಂದ ಹತ್ತು ಸಾವಿರ ದಾಟಿತ್ತು. ಹಾಜರಿ, ಪಗಾರದ ಲೆಕ್ಕ ಇಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಪಗಾರ ಆಗಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು ಉಪಾಧ್ಯಕ್ಷರೊಬ್ಬರನ್ನು ತೆಗೆದುಹಾಕಿತು. ವಿಸ್ಟ್ರಾನನ್ನು ಪರಿವೀಕ್ಷಣೆಯಲ್ಲಿ ಇಟ್ಟಿರುವುದಾಗಿ ಆ್ಯಪಲ್ ಹೇಳಿತು. ಜಗತ್ತಿನೆಲ್ಲೆಡೆ ಪತ್ರಿಕೆಗಳಲ್ಲಿ ಬಂದದ್ದು ಕಾರ್ಖಾನೆಯ ಹೆಸರು. ಪಗಾರ ಹಂಚಬೇಕಿದ್ದ ಏಜೆನ್ಸಿಗಳ ಹೆಸರು ಎಷ್ಟು ಜನರಿಗೆ ನೆನಪಿದೆ?

ಸಹಿ ಮಾಡುವ ಮುಂಚೆ

ಮೊದಲು ನಿಮಗೆ ಬೇಕಾದದ್ದು ಯಾವ ಬಗೆಯ ಏಜೆನ್ಸಿ ಎಂದು ತೀರ್ಮಾನಿಸಿ. ಅಕೌಂಟೆಂಟ್, ಲ್ಯಾಬ್ ಕೆಮಿಸ್ಟ್, ನರ್ಸ್ ಇಂಥವರನ್ನು ಹುಡುಕಿಕೊಟ್ಟು, ಒಂದು ಸಲ ಶುಲ್ಕ ಪಡೆದು ಹೋಗುವ ಏಜೆನ್ಸಿ ಒಂದು ಬಗೆ. ಅಲ್ಲಿ ನೌಕರ ನಿಮ್ಮವನು. ಆಳನ್ನು ತನ್ನ ಹಾಜರಿಯಲ್ಲಿಟ್ಟು ತಿಂಗಳು ತಿಂಗಳು ಬಿಲ್ ಕೊಡುವ ಏಜೆನ್ಸಿ ಇನ್ನೊಂದು ಬಗೆ. ಎರಡನ್ನೂ ಬೆರೆಸಿ ಮಾಡಿದ ಕರಾರು ಮುಂದೆ ತಕರಾರಿಗೇ ದಾರಿ.

ಎರಡನೆಯದಾಗಿ, ಯಾವ ಕೆಲಸಕ್ಕೆ ಗುತ್ತಿಗೆ ಆಳು ಎಂದು ನೋಡಿ. ಔದ್ಯೋಗಿಕ ಸುರಕ್ಷತೆ ಸಂಹಿತೆಯ 57ನೇ ಕಲಂ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚುವಂತಿಲ್ಲ ಎನ್ನುತ್ತದೆ. ಕಾವಲು, ಸ್ವಚ್ಛತೆ, ಕ್ಯಾಂಟೀನ್, ಲೋಡಿಂಗ್-ಅನ್‌ಲೋಡಿಂಗ್, ತೋಟದ ಕೆಲಸ ಇವು ಸಾಮಾನ್ಯವಾಗಿ ಮುಖ್ಯ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆಲೇ ಹೆಚ್ಚಾದ ಕೆಲಸವನ್ನು ನಿಗದಿತ ಅವಧಿಯಲ್ಲಿ ಮುಗಿಸಬೇಕಾದಾಗ ವಿನಾಯಿತಿ ಇದೆ. ರಾಸಾಯನಿಕ ತಯಾರಿಸುವ ಘಟಕವೊಂದು ರಿಯಾಕ್ಟರ್ ನಡೆಸುವವರನ್ನೇ ವರ್ಷಪೂರ್ತಿ ಏಜೆನ್ಸಿಯಿಂದ ತರಿಸಿಕೊಂಡರೆ ಈ ಕಲಂ ಅಡ್ಡ ಬರುತ್ತದೆ.

ಹುಮನಾಬಾದಿನ ರಾಸಾಯನಿಕ ಘಟಕಗಳಿಗೆ ಈ ವಿಷಯ ಕಾನೂನಿಗಿಂತ ದೊಡ್ಡದು. 'ಬಾಯ್ಲರ್ ಆಪರೇಟರ್ ಕಳಿಸ್ತೀವಿ' ಎಂದಾಗ ಅವನ ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರದ ಮೂಲಪ್ರತಿ ಕೇಳಿ ನೋಡಿ. ಇನ್ನಾರದೋ ಬಾಯ್ಲರ್ ಪಕ್ಕ ನಿಂತು ನೋಡಿದ ಅನುಭವ ಪ್ರಮಾಣಪತ್ರಕ್ಕೆ ಸಮ ಅಲ್ಲ. ಟ್ಯಾಂಕಿನೊಳಗೆ ಇಳಿದು ಸ್ವಚ್ಛ ಮಾಡುವ ಕೆಲಸಕ್ಕೆ ಹೊಸ ಹುಡುಗರನ್ನು ಮೊದಲ ದಿನವೇ ಇಳಿಸುವುದು ಕೊಲೆಗೆ ಸಮ. ಒಳಗಿನ ಗಾಳಿ ಪರೀಕ್ಷೆ, ಮೇಲೆ ಕಾಯುವವನು, ಉಸಿರಾಟದ ಸಾಧನ, ಲಿಖಿತ ಪರವಾನಗಿ ಇವನ್ನು ಕೊಡಬೇಕಾದವರು ಕಾರ್ಖಾನೆಯವರು. ಆಳು ಕಳಿಸುವವನಿಗೆ ನಿಮ್ಮ ಟ್ಯಾಂಕಿನಲ್ಲಿ ಏನಿದೆ ಎಂದೂ ಗೊತ್ತಿರುವುದಿಲ್ಲ. ಅಪಘಾತವಾದರೆ ಪರಿಹಾರದ ಹೊಣೆಯೂ 1923ರ ಕಾಯ್ದೆಯ ಕಾಲದಿಂದ ಪ್ರಧಾನ ಮಾಲಕನ ಮೇಲೇ ಇದೆ.

ಏಜೆನ್ಸಿಯ ಕಾಗದಪತ್ರಗಳನ್ನು ಜೆರಾಕ್ಸ್ ನೋಡಿ ನಂಬಬೇಡಿ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ತಾಣದಲ್ಲಿ ಹಾಕಿದರೆ ನೋಂದಣಿ ಜೀವಂತವಾಗಿದೆಯೇ, ರಿಟರ್ನ್ ಸಲ್ಲಿಕೆಯಾಗುತ್ತಿದೆಯೇ ಎಂದು ತಿಳಿಯುತ್ತದೆ. ಭವಿಷ್ಯನಿಧಿ ಸಂಘಟನೆಯ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ಮಂದಿಗೆ ಎಷ್ಟು ಹಣ ಕಟ್ಟಿದ್ದಾರೆ ಎಂಬ ವಿವರ ಯಾರಿಗಾದರೂ ಸಿಗುತ್ತದೆ. ಇನ್ನೂರು ಮಂದಿ ನಮ್ಮಲ್ಲಿದ್ದಾರೆ ಎನ್ನುವ ಏಜೆನ್ಸಿ ಹನ್ನೆರಡು ಮಂದಿಗೆ ಪಿಎಫ್ ಕಟ್ಟಿದ್ದು ಅಲ್ಲಿ ಕಂಡರೆ ಮಾತು ಅಲ್ಲಿಗೇ ಮುಗಿಯಬೇಕು. ಸೆಕ್ಯುರಿಟಿ ಗಾರ್ಡುಗಳನ್ನು ಕೊಡುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ರಾಜ್ಯದ ಪ್ರತ್ಯೇಕ ಲೈಸೆನ್ಸ್ ಬೇಕು.

ಕರಾರಿನಲ್ಲಿ ಐದು ಮಾತು ಇರಲೇಬೇಕು. ಬಿಲ್ಲಿನಲ್ಲಿ ಪಗಾರ, ಪಿಎಫ್, ಇಎಸ್‌ಐ, ಬೋನಸ್, ಸರ್ವಿಸ್ ಚಾರ್ಜ್, ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಮಾಲಕ ಬಿಲ್ ಪಾಸು ಮಾಡಲಿ ಬಿಡಲಿ, ತಿಂಗಳ ಪಗಾರ ಮುಂದಿನ 7ನೇ ತಾರೀಖಿನೊಳಗೆ ಕಾರ್ಮಿಕನ ಖಾತೆಗೆ ಬೀಳಬೇಕು. ಕಾರ್ಮಿಕರಿಂದ ಯಾವ ಶುಲ್ಕವನ್ನೂ, ಮೂಲ ಅಂಕಪಟ್ಟಿಯನ್ನೂ ಏಜೆನ್ಸಿ ತೆಗೆದುಕೊಳ್ಳಬಾರದು. ಪಗಾರ ನಿಂತರೆ ಮಾಲಕ ನೇರವಾಗಿ ಕೊಟ್ಟು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು, ಅದಕ್ಕಾಗಿ ಒಂದು ತಿಂಗಳ ಪಗಾರದಷ್ಟು ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇರಬೇಕು. ಒಳ್ಳೆಯ ಕೆಲಸಗಾರನನ್ನು ನೀವು ಕಾಯಂ ಮಾಡಿಕೊಳ್ಳಬಯಸಿದರೆ ಎಷ್ಟು ತಿಂಗಳ ನಂತರ ಶುಲ್ಕವಿಲ್ಲದೆ ತೆಗೆದುಕೊಳ್ಳಬಹುದು ಎಂಬುದು ಮೊದಲೇ ಬರೆದಿರಬೇಕು.

ಕಾರ್ಮಿಕರಿಂದ ಶುಲ್ಕ ತೆಗೆದುಕೊಳ್ಳಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಮೂಲ ತತ್ವ. ಭಾರತ ಅದನ್ನು ಅನುಮೋದಿಸಿಲ್ಲ. ಆದರೂ ಕರಾರಿನಲ್ಲಿ ಬರೆಸಿಕೊಳ್ಳಲು ಯಾರ ಅನುಮತಿಯೂ ಬೇಡ. ಹಾಗೆಯೇ, ತನ್ನ ಕೆಲಸ ಬಿಟ್ಟ ಮೇಲೆ ಕಾರ್ಮಿಕ ಎಲ್ಲೂ ಸೇರುವಂತಿಲ್ಲ ಎಂದು ಏಜೆನ್ಸಿ ಬರೆಸಿಕೊಂಡ ಮುಚ್ಚಳಿಕೆಗೆ 1872ರ ಕರಾರು ಕಾಯ್ದೆಯ 27ನೇ ಕಲಂ ಎದುರು ಬೆಲೆಯಿಲ್ಲ ಎಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು.

ತಿಂಗಳಿಗೊಮ್ಮೆ ಅರ್ಧ ಗಂಟೆ

ಕರಾರು ಎಷ್ಟೇ ಚೆನ್ನಾಗಿದ್ದರೂ ತಿಂಗಳು ತಿಂಗಳು ನೋಡದಿದ್ದರೆ ಅದು ಕಪಾಟಿನ ಕಾಗದ. ಹೊಸ ಬಿಲ್ ಬಂದಾಗ ಹಿಂದಿನ ತಿಂಗಳ ಮೂರು ದಾಖಲೆ ಜೊತೆಗಿರಲಿ: ಬ್ಯಾಂಕ್ ಪಾವತಿಯ ಪಟ್ಟಿ, ಹೆಸರು ಮತ್ತು ಯುಎಎನ್ ನಂಬರುಗಳಿರುವ ಪಿಎಫ್ ಚಲನ್, ಇಎಸ್‌ಐ ಚಲನ್. ಚಲನ್‌ನ ಒಟ್ಟು ಮೊತ್ತ ನೋಡಿದರೆ ಸಾಲದು, ನಿಮ್ಮ ಗೇಟಿನ ಹಾಜರಿಯ ಹೆಸರುಗಳು ಅದರಲ್ಲಿವೆಯೇ ಎಂದು ಒಂದೊಂದಾಗಿ ಟಿಕ್ ಹಾಕಬೇಕು. ಬೇರೆ ಕಾರ್ಖಾನೆಯ ಆಳುಗಳ ಚಲನ್ ತೋರಿಸಿ ಬಿಲ್ ಪಾಸು ಮಾಡಿಸಿಕೊಳ್ಳುವುದು ಹಳೆಯ ಚಾಳಿ.

ಆಮೇಲೆ ಕಾರ್ಮಿಕರಲ್ಲಿ ಇಬ್ಬರು ಮೂವರನ್ನು ಸೂಪರ್‌ವೈಸರ್ ಇಲ್ಲದಾಗ ಕರೆದು ಕೂರಿಸಿ ಮಾತಾಡಿಸಿ. 'ಪಗಾರ ಎಷ್ಟ್ ಬಂತಪ್ಪ? ಎಟಿಎಂ ಕಾರ್ಡ್ ನಿನ್ನ ಹತ್ರನೇ ಅದ ಏನು? ಪಾಸ್‌ಬುಕ್‌ನ್ಯಾಗ ಪಿಎಫ್ ಕಾಣಸ್ತದ?' ಇಷ್ಟು ಕೇಳಿದರೆ ಕಡತಗಳಲ್ಲಿ ಸಿಗದ ಸತ್ಯ ಸಿಗುತ್ತದೆ. ಬಿಹಾರ, ಒಡಿಶಾದಿಂದ ಬಂದ ಹುಡುಗರಾದರೆ ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಊರಿನಲ್ಲಿ ನಂಟರಿಲ್ಲದ, ದೂರು ಕೊಡಲು ಕಚೇರಿ ಗೊತ್ತಿಲ್ಲದ ಅವರೇ ಮೊದಲು ಮೋಸ ಹೋಗುವವರು. ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ, ಕೂರುವ ಜಾಗ ಇವನ್ನು ಗುತ್ತಿಗೆಯವರಿಗೆ ಬೇರೆ, ಕಾಯಂನವರಿಗೆ ಬೇರೆ ಎಂದು ಮಾಡಬೇಡಿ. ಅವು ಪ್ರಧಾನ ಮಾಲಕನೇ ಕೊಡಬೇಕಾದವು.

ಬೀದರ್ ತೋರಿಸಿದ ದಾರಿ

ಇದೆಲ್ಲ ಖಾಸಗಿಯವರಿಗೆ ಹೇಳಿದ್ದಾಯಿತು. ಸರ್ಕಾರಿ ಕಚೇರಿ, ಹಾಸ್ಟೆಲ್, ಆಸ್ಪತ್ರೆಗಳ ಹೊರಗುತ್ತಿಗೆ ನೌಕರರ ಗೋಳೂ ಇದೇ. ಪೌರಕಾರ್ಮಿಕರ ವಿಷಯದಲ್ಲಿ ರಾಜ್ಯ ಸರ್ಕಾರ 2017ರಲ್ಲಿ ಗುತ್ತೇದಾರರನ್ನು ಬಿಟ್ಟು ನೇರ ಪಾವತಿಯ ದಾರಿ ಹಿಡಿಯಿತು. ಉಳಿದ ನೌಕರರಿಗೆ ಒಂದು ದಾರಿಯನ್ನು ನಮ್ಮ ಬೀದರ್ ಜಿಲ್ಲೆಯೇ ತೋರಿಸಿದೆ. ಇಲ್ಲಿ ಜಿಲ್ಲಾಡಳಿತದ ಉಸ್ತುವಾರಿಯಲ್ಲಿ ಕಾರ್ಮಿಕರ ಸೇವೆಗಳ ವಿವಿಧೋದ್ದೇಶ ಸಹಕಾರ ಸಂಘವಿದೆ. ಖಾಸಗಿ ಏಜೆನ್ಸಿಯ ಜಾಗದಲ್ಲಿ ಈ ಸಂಘವೇ ಇಲಾಖೆಗಳಿಗೆ ಹೊರಗುತ್ತಿಗೆ ಸಿಬ್ಬಂದಿ ಒದಗಿಸುತ್ತದೆ. ಲಾಭಕ್ಕಾಗಿ ಪಗಾರ ಕತ್ತರಿಸುವ ನಡುವಿನವನಿಗೆ ಅಲ್ಲಿ ಜಾಗವಿಲ್ಲ. ಕಾರ್ಮಿಕ ಸಚಿವ ಸಂತೋಷ್ ಲಾಡ್ ಇದನ್ನೇ 'ಬೀದರ್ ಮಾದರಿ' ಎಂದು ಕರೆದು, ಎಲ್ಲ ಜಿಲ್ಲೆಗಳಲ್ಲೂ ಇಂಥ ಸಂಘ ಕಟ್ಟುವ ಪ್ರಸ್ತಾವವನ್ನು 2025ರಲ್ಲಿ ಮುಂದಿಟ್ಟರು.

ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಇಲಾಖೆ ಅನುದಾನ ತಡ ಮಾಡಿದರೆ ಸಂಘದಿಂದಲೂ ಪಗಾರ ತಡವಾಗುತ್ತದೆ. ಸಂಘದ ಲೆಕ್ಕಪತ್ರ ಸದಸ್ಯರ ಮುಂದೆ ತೆರೆದಿರಬೇಕು, ನೇಮಕದಲ್ಲಿ ಶಿಫಾರಸು ನಿಲ್ಲಬೇಕು. ಆದರೂ ಅದರ ಮೂಲ ವಿಚಾರ ಸರಿಯಾದದ್ದು. ಖಾಸಗಿ ಘಟಕಗಳೂ ಈ ಜಾಡಿನಲ್ಲಿ ಯೋಚಿಸಬಹುದು. ಹುಮನಾಬಾದ್ ಕೈಗಾರಿಕಾ ಪ್ರದೇಶದ ಹತ್ತು ಘಟಕಗಳು ಕೂಡಿ, ಲೆಕ್ಕ ತೋರಿಸುವ ಒಂದೆರಡು ಏಜೆನ್ಸಿಗಳನ್ನು ಮಾತ್ರ ಒಪ್ಪಿ, ಒಂದೇ ನಮೂನೆಯ ಕರಾರು, ಒಂದೇ ಸರ್ವಿಸ್ ಚಾರ್ಜ್ ಗೊತ್ತುಮಾಡಿದರೆ ಸೊನ್ನೆ ದರದವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ಪ್ರಾಮಾಣಿಕವಾಗಿ ನಡೆಯುವ ಏಜೆನ್ಸಿಗಳು ನಮ್ಮಲ್ಲಿವೆ. ಅವರು ಸೋಲುತ್ತಿರುವುದು ಮೋಸಗಾರರ ದರಕ್ಕೆ, ಆ ದರವನ್ನು ಕಣ್ಮುಚ್ಚಿ ಒಪ್ಪುವ ನಮ್ಮಂಥವರಿಂದ.

ಬೀದರ್ ಜಿಲ್ಲೆಯ ಹುಡುಗರು ಕೆಲಸಕ್ಕಾಗಿ ಹೈದರಾಬಾದ್, ಪುಣೆ, ಮುಂಬೈಗೆ ಹೋಗುವುದನ್ನು ನೋಡಿ ನಾವೆಲ್ಲ ಮರುಗುತ್ತೇವೆ. ಹೆದ್ದಾರಿ 65 ಇಲ್ಲೇ ಹಾದುಹೋಗಿದೆ, ಬೀದರ್-ಕಲಬುರಗಿ ರೈಲು 2017ರಿಂದ ಹುಮನಾಬಾದಿನಲ್ಲಿ ನಿಲ್ಲುತ್ತಿದೆ. ಅವರನ್ನು ಇಲ್ಲಿ ಉಳಿಸಿಕೊಳ್ಳಲು ಹೆಚ್ಚಿನದೇನೂ ಬೇಡ. ದುಡಿದ ತಿಂಗಳ ಪಗಾರ ಪೂರ್ತಿಯಾಗಿ 7ನೇ ತಾರೀಖಿನೊಳಗೆ ಸಿಗಬೇಕು, ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಒಂದು ಸಾಲು ಏರಬೇಕು. ಕಾಯಕದ ನೆಲ ಎಂದು ಹೆಮ್ಮೆಪಡುವ ಬಸವಕಲ್ಯಾಣದ ಮಾಲಕರು, ಅಧಿಕಾರಿಗಳು ಈ ಎರಡನ್ನು ಖಾತ್ರಿ ಮಾಡಿಕೊಳ್ಳದೆ ಏಜೆನ್ಸಿಯ ಮುಂದಿನ ಬಿಲ್ಲಿಗೆ ಸಹಿ ಹಾಕಬಾರದು.